ಸಾಲ ಸುಸ್ತಿ ಆಗಿದ್ರೆ ರಕ್ಷಣಾ ಲ್ಯಾಬ್ ಕೆಲಸಕ್ಕೆ ಕಲ್ಲು ಬೀಳುತ್ತಾ?

ಯಶವಂತಪುರದವನು

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನಲ್ಲೇ ರಕ್ಷಣಾ ಇಲಾಖೆಯ ಒಂದು ಲ್ಯಾಬ್‌ನಲ್ಲಿ ಟೆಕ್ನಿಷಿಯನ್ ಹುದ್ದೆಗೆ ಆಯ್ಕೆ ಆಗಿದ್ದೇನೆ. ಪರೀಕ್ಷೆ, ಟ್ರೇಡ್ ಟೆಸ್ಟ್, ದಾಖಲೆ ಪರಿಶೀಲನೆ ಎಲ್ಲ ಮುಗಿಯಿತು. ಈಗ ಅಟೆಸ್ಟೇಷನ್ ಫಾರಂ, ಅಂದರೆ ನಮ್ಮ ಹಿನ್ನೆಲೆ ನಾವೇ ಬರೆದುಕೊಡುವ ಫಾರಂ, ಬಂದಿದೆ. ಅದನ್ನು ತುಂಬಿ ಕೊಟ್ಟ ಮೇಲೆ ಪೊಲೀಸ್ ವೆರಿಫಿಕೇಷನ್.

ನನ್ನ ಚಿಂತೆ ಬೇರೆ. 2023ರಲ್ಲಿ ಅಪ್ಪನಿಗೆ ಬೈಪಾಸ್ ಆಯಿತು. ಪರ್ಸನಲ್ ಲೋನ್ 3.8 ಲಕ್ಷ ತೆಗೆದೆ, ಕಂತು 10,800. ಒಂದು ವರ್ಷ ತಪ್ಪದೆ ಕಟ್ಟಿದೆ. ಆಮೇಲೆ ಪೀಣ್ಯದಲ್ಲಿ ನಾನಿದ್ದ ಕಾರ್ಖಾನೆಯಲ್ಲಿ ಆರ್ಡರ್ ಇಲ್ಲ ಅಂತ ಹತ್ತು ಜನರನ್ನು ಮನೆಗೆ ಕಳಿಸಿದರು, ಅದರಲ್ಲಿ ನಾನೂ ಒಬ್ಬ. ಐದು ಕಂತು ಬಾಕಿ. ಕ್ರೆಡಿಟ್ ಕಾರ್ಡ್ 86,000. ಮೊಬೈಲ್ ಆ್ಯಪ್‌ಗಳಲ್ಲಿ ತೆಗೆದದ್ದು ಒಟ್ಟು 22,000. ಸಿಬಿಲ್ (ಸಾಲ ಹೇಗೆ ತೀರಿಸಿದ್ದೇವೆ ಅಂತ ಕೊಡುವ ಅಂಕ) ನೋಡಿದರೆ ಬರೀ 571.

ವಸೂಲಿಯವನು ನಿನ್ನೆ ಫೋನ್ ಮಾಡಿ, "ಸರ್ಕಾರಿ ಕೆಲಸ ಸಿಕ್ಕಿದೆಯಂತೆ, ಅಲ್ಲಿಗೇ ಒಂದು ಲೆಟರ್ ಹಾಕಿದರೆ ಹೇಗೆ?" ಅಂದ. ರಾತ್ರಿಯೆಲ್ಲ ನಿದ್ದೆ ಇಲ್ಲ. ಸಾಲ ಇದ್ದವರಿಗೆ ಸೆಕ್ಯುರಿಟಿ ಕ್ಲಿಯರೆನ್ಸ್ (ಗುಟ್ಟಿನ ಕೆಲಸಕ್ಕೆ ಇವನನ್ನು ನಂಬಬಹುದು ಅನ್ನುವ ಒಪ್ಪಿಗೆ) ಕೊಡಲ್ಲ ಅಂತ ಕೋಚಿಂಗ್‌ನ ಗೆಳೆಯ ಹೇಳುತ್ತಾನೆ. ನಿಜಾನಾ? ಫಾರಂ ಕೊಡಲು ಇನ್ನು 20 ದಿನ ಇದೆ.

ಹೆಬ್ಬಾಳ ಸಿಗ್ನಲ್

ಸುಮ್ನೆ ತಲೆ ಕೆಡಿಸ್ಕೋಬೇಡ ಗುರು. ಯಾರೂ ಸಿಬಿಲ್ ನೋಡಲ್ಲ. ಎಲ್ಲ ಕಾಲಂಗೂ "ಇಲ್ಲ" ಅಂತ ಬರೆದು ಕೊಡು. ಸಾವಿರಾರು ಕೋಟಿ ಮುಳುಗಿಸಿದವರು ಲಂಡನ್‌ನಲ್ಲಿ ಟೀ ಕುಡೀತಿದ್ದಾರೆ, ನಿನ್ನ ನಾಲ್ಕು ಲಕ್ಷ ಯಾವ ಲೆಕ್ಕ?

ಹಳೇ ಎಸ್ಟಾಬ್ಲಿಷ್‌ಮೆಂಟ್

ಹೆಬ್ಬಾಳದವರೇ, ಕೋಪ ಸರಿ, ಸಲಹೆ ತಪ್ಪು.

ನಾನು ಕೇಂದ್ರ ಸರ್ಕಾರದ ಒಂದು ಕಚೇರಿಯಲ್ಲಿ 31 ವರ್ಷ ಎಸ್ಟಾಬ್ಲಿಷ್‌ಮೆಂಟ್ ವಿಭಾಗದಲ್ಲೇ ಇದ್ದು ನಿವೃತ್ತನಾದವನು. ಈ ಫಾರಂಗಳನ್ನು ಎಣಿಸಿ, ಪಿನ್ ಹೊಡೆದು, ಪೊಲೀಸರಿಗೆ ಕಳಿಸಿ, ವಾಪಸ್ ಬಂದಾಗ ಫೈಲಿಗೆ ಸೇರಿಸಿದ್ದು ನಾನೇ. ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ತಮ್ಮಾ, ನಾನು ಕಂಡ ಅಟೆಸ್ಟೇಷನ್ ಫಾರಂನಲ್ಲಿ ಸಾಲ ಎಷ್ಟಿದೆ ಅಂತ ಕೇಳುವ ಕಾಲಂ ಇರಲಿಲ್ಲ. ಕೇಳುವುದು ಬೇರೆ. ಕಳೆದ ಐದು ವರ್ಷದಲ್ಲಿ ಒಂದು ವರ್ಷಕ್ಕಿಂತ ಜಾಸ್ತಿ ಎಲ್ಲೆಲ್ಲಿ ವಾಸ ಇದ್ದೆ, ಯಾವತ್ತಾದರೂ ಬಂಧನ ಆಗಿದೆಯಾ, ಕೋರ್ಟಿನಲ್ಲಿ ಕೇಸ್ ನಡೆದಿದೆಯಾ, ದಂಡ ಬಿದ್ದಿದೆಯಾ, ಶಿಕ್ಷೆ ಆಗಿದೆಯಾ, ಪರೀಕ್ಷೆಯಿಂದ ಡಿಬಾರ್ ಮಾಡಿದ್ದಾರಾ, ಫಾರಂ ತುಂಬುವ ಹೊತ್ತಿಗೆ ಯಾವುದಾದರೂ ಕೇಸ್ ಬಾಕಿ ಇದೆಯಾ. ಮೇಲೆಯೇ ಒಂದು ಎಚ್ಚರಿಕೆ ಅಚ್ಚಾಗಿರುತ್ತದೆ: ಸುಳ್ಳು ಬರೆದರೆ ಅಥವಾ ವಿಷಯ ಮುಚ್ಚಿಟ್ಟರೆ ಅದೇ ಅನರ್ಹತೆ. ಮುಕ್ಕಾಲು ಜನ ಇದನ್ನು ಓದುವುದೇ ಇಲ್ಲ. ಫೋಟೋ ಅಂಟಿಸುವ ಜಾಗ ಮಾತ್ರ ನೋಡುತ್ತಾರೆ.

ಕೆಲಸಕ್ಕೆ ಸೇರಿದ ಮೇಲೆ ಕಥೆ ಬೇರೆ. ಕೇಂದ್ರ ನೌಕರರ 1964ರ ನಡತೆ ನಿಯಮಗಳಲ್ಲಿ 17ನೇ ನಿಯಮ ಇದೆ. ಸದಾ ಸಾಲದಲ್ಲಿ ಮುಳುಗಿರದ ಹಾಗೆ, ದಿವಾಳಿ ಆಗದ ಹಾಗೆ ನೌಕರ ತನ್ನ ವ್ಯವಹಾರ ನೋಡಿಕೊಳ್ಳಬೇಕು. ಸಾಲ ವಸೂಲಿಗೆ ಯಾರಾದರೂ ಕೋರ್ಟಿಗೆ ಹೋದರೆ ತಕ್ಷಣ ತಾನೇ ಇಲಾಖೆಗೆ ತಿಳಿಸಬೇಕು. ಅದರ ಕೆಳಗೆ ಒಂದು ಟಿಪ್ಪಣಿ ಇದೆ, ನನ್ನ ಪ್ರಕಾರ ಇಡೀ ನಿಯಮದ ಜೀವ ಅಲ್ಲಿದೆ. ಈ ಸಾಲ ನನ್ನ ಕೈ ಮೀರಿದ ಕಾರಣಕ್ಕೆ ಆಯಿತು, ದುಂದುಗಾರಿಕೆಯಿಂದಲೋ ದುಶ್ಚಟದಿಂದಲೋ ಅಲ್ಲ ಅಂತ ತೋರಿಸುವ ಹೊಣೆ ನೌಕರನದ್ದೇ. ಅಂದರೆ ಅಪ್ಪನ ಬೈಪಾಸ್ ಬಿಲ್ಲು, ಡಿಸ್ಚಾರ್ಜ್ ಸಮ್ಮರಿ, ಕಾರ್ಖಾನೆಯವರು ಕೊಟ್ಟ ಪತ್ರ, ಎಲ್ಲ ಒಂದು ಫೈಲ್ ಮಾಡಿ ಇಟ್ಟುಕೋ.

ನಮ್ಮಲ್ಲಿ ಇಬ್ಬರು ಇದ್ದರು. ಇಬ್ಬರೂ ಒಂದೇ ಸೆಕ್ಷನ್, ಇಬ್ಬರಿಗೂ ಸೊಸೈಟಿ ಸಾಲ. ಒಬ್ಬ ಕೋರ್ಟಿನ ನೋಟಿಸ್ ಬಂದ ದಿನವೇ ಅದನ್ನು ಹಿಡಿದುಕೊಂಡು ನನ್ನ ಮೇಜಿನ ಮುಂದೆ ನಿಂತ. ಅರ್ಜಿ ಬರೆಸಿದೆ, ಸಾಹೇಬರು ಸಹಿ ಮಾಡಿದರು, ಅಲ್ಲಿಗೆ ಮುಗಿಯಿತು. ಇನ್ನೊಬ್ಬ ಬಾಯಿ ಬಿಡಲಿಲ್ಲ. ಒಂದು ದಿನ ಸಂಬಳ ಜಪ್ತಿಯ ಆದೇಶ ಕ್ಯಾಷ್ ಸೆಕ್ಷನ್‌ಗೇ ಬಂದು ಕೂತಿತು. ಅವನಿಗೆ ಮೆಮೊ, ವಿವರಣೆ, ಅದಕ್ಕೆ ಮತ್ತೊಂದು ಮೆಮೊ. ಕೊನೆಗೆ ಅವನನ್ನು ಕಾನ್ಫಿಡೆನ್ಷಿಯಲ್ ಸೆಕ್ಷನ್‌ನಿಂದ ಎತ್ತಿ ಸ್ಟೋರ್ಸಿಗೆ ಹಾಕಿದರು. ಇಬ್ಬರ ಸಾಲದ ಮೊತ್ತ ಹೆಚ್ಚುಕಮ್ಮಿ ಒಂದೇ.

ಕೌಂಟರ್ 4

ನಾನು ಬ್ಯಾಂಕಿನಲ್ಲಿದ್ದೇನೆ. ಇಲ್ಲಿ ಎರಡು ವಿಷಯ ಕಲಸಿಹೋಗಿವೆ, ಬಿಡಿಸುತ್ತೇನೆ.

ಬ್ಯಾಂಕ್ ಕೆಲಸಕ್ಕೆ ಸಿಬಿಲ್ ನಿಜವಾಗಿಯೂ ಅಡ್ಡ ಬರುತ್ತದೆ. ಎಸ್‌ಬಿಐನಲ್ಲಿ ಅಧಿಕಾರಿ ಹುದ್ದೆಗೆ ಆಯ್ಕೆಯಾದ ಒಬ್ಬರ ನೇಮಕವನ್ನು ಇದೇ ಕಾರಣಕ್ಕೆ ರದ್ದು ಮಾಡಿದ್ದರು. ಅವರು ಕೋರ್ಟಿಗೆ ಹೋದರು. 2025ರಲ್ಲಿ ಮದ್ರಾಸ್ ಹೈಕೋರ್ಟ್ ಬ್ಯಾಂಕಿನ ಪರವಾಗಿಯೇ ಹೇಳಿತು. ಜನರ ಹಣ ಮುಟ್ಟುವವರಿಗೆ ತಮ್ಮ ಹಣದ ಶಿಸ್ತು ಇರಬೇಕು ಅನ್ನುವುದು ಅದರ ಸಾರ. ಕೋಚಿಂಗ್ ಗೆಳೆಯ ಬಹುಶಃ ಆ ಸುದ್ದಿ ಓದಿ ಎಲ್ಲ ಕೆಲಸಕ್ಕೂ ಅದನ್ನೇ ಅಂಟಿಸಿದ್ದಾನೆ.

ನಿಮ್ಮದು ಬ್ಯಾಂಕ್ ಅಲ್ಲ. ಆದರೂ ರಿಪೋರ್ಟ್ ಪೂರ್ತಿ ತೆಗೆದು ನೋಡಿ, ಬರೀ 571 ಅನ್ನೋ ನಂಬರ್ ನೋಡಿ ಹೆದರಬೇಡಿ. ವರ್ಷಕ್ಕೊಂದು ಪೂರ್ತಿ ರಿಪೋರ್ಟ್ ಉಚಿತ. ಸಿಬಿಲ್, ಎಕ್ಸ್‌ಪೀರಿಯನ್, ಇಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್ ನಾಲ್ಕರಲ್ಲೂ ಸಿಗುತ್ತದೆ. ಪ್ರತಿ ಸಾಲದ ಕೆಳಗೂ ತಿಂಗಳುವಾರು ಚೌಕ ಇರುತ್ತದೆ, ಎಷ್ಟು ದಿನ ತಡ ಅಂತ. 000 ಇದ್ದರೆ ಸರಿಯಾಗಿ ಕಟ್ಟಿದ್ದೀರಿ. 030, 060 ಹೀಗೆ ಏರುತ್ತಾ ಹೋಗುತ್ತದೆ. 90 ದಾಟಿದರೆ ನಮ್ಮ ಪುಸ್ತಕದಲ್ಲಿ ಅದು ಎನ್‌ಪಿಎ, ಅಂದರೆ ಕೆಟ್ಟ ಸಾಲ. ನಿಮ್ಮ ಐದು ಕಂತು ಆ ಗೆರೆ ದಾಟಿದೆ. ಯಾರಿಗಾದರೂ ಜಾಮೀನು ಹಾಕಿದ್ದರೆ ಅದೂ ಅಲ್ಲೇ ಕಾಣುತ್ತದೆ. ನನ್ನ ಮೈದುನ ಆಟೊ ಸಾಲಕ್ಕೆ ಗೆಳೆಯನಿಗೆ ಸಹಿ ಹಾಕಿ ಮರೆತೇಬಿಟ್ಟಿದ್ದ, ಮನೆ ಸಾಲಕ್ಕೆ ಬಂದಾಗ ಗೊತ್ತಾಯಿತು.

ಒಂದು ಮಾತು ನೆನಪಿಡಿ. ವಸೂಲಿಯವನು "ಅರ್ಧ ಕೊಡಿ, ಸೆಟಲ್ ಮಾಡ್ತೀವಿ" ಅನ್ನುತ್ತಾನೆ. ಬಾಯಿಗೆ ಸಕ್ಕರೆ ಹಾಕಿದ ಹಾಗೆ ಕೇಳಿಸುತ್ತದೆ. ಆದರೆ ರಿಪೋರ್ಟ್‌ನಲ್ಲಿ "ಸೆಟಲ್ಡ್" ಅಂತ ಕೂರುತ್ತದೆ, "ಕ್ಲೋಸ್ಡ್" ಅಂತ ಅಲ್ಲ. ಓದುವವರಿಗೆ ಅದರ ಅರ್ಥ, ಇವನು ಪೂರ್ತಿ ಕಟ್ಟಲಿಲ್ಲ. ಆದಷ್ಟು ಅವಧಿ ಜಾಸ್ತಿ ಮಾಡಿಸಿಕೊಂಡು, ಕಂತು ಇಳಿಸಿಕೊಂಡು, ಪೂರ್ತಿ ಕಟ್ಟಿ ಬೇಬಾಕಿ ಪತ್ರ ತೆಗೆದುಕೊಳ್ಳಿ.

ಇನ್ನು ವಸೂಲಿಯವರು ಬೆಳಿಗ್ಗೆ 8ಕ್ಕಿಂತ ಮುಂಚೆ, ಸಂಜೆ 7ರ ನಂತರ ಫೋನ್ ಮಾಡುವ ಹಾಗಿಲ್ಲ. 2022ರಲ್ಲೇ ಆರ್‌ಬಿಐ ಹೇಳಿದೆ. ಕರೆ ಬಂದ ಸಮಯದ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ.

ಬಸವನಗುಡಿ ಟು ವರ್ಜೀನಿಯಾ

ಅಮೆರಿಕದಲ್ಲಿ ಹೇಗೆ ಅಂತ ಹೇಳಲಾ? ಹೋಲಿಸಿ ನೋಡಲು ಚೆನ್ನಾಗಿದೆ. ನಾನು ಇಲ್ಲಿನ ಸಿಟಿಜನ್ ಆದ ಮೇಲೆ ಒಂದು ಸರ್ಕಾರಿ ಕಾಂಟ್ರಾಕ್ಟ್ ಕೆಲಸಕ್ಕೆ ಕ್ಲಿಯರೆನ್ಸ್ ಮಾಡಿಸಿದೆ. ಎಸ್‌ಎಫ್-86 ಅಂತ ಒಂದು ಫಾರಂ, ನೂರಕ್ಕೂ ಹೆಚ್ಚು ಪುಟ. ನಮ್ಮ ಮದುವೆ ಜಾತಕ ಕೂಡ ಅಷ್ಟು ಕೇಳಲ್ಲ. ಅದರ 26ನೇ ಭಾಗ ಪೂರ್ತಿ ದುಡ್ಡಿನದ್ದೇ. ಕಳೆದ ಏಳು ವರ್ಷದಲ್ಲಿ 120 ದಿನಕ್ಕಿಂತ ಜಾಸ್ತಿ ಬಾಕಿ ಬಿದ್ದ ಸಾಲ, ಜೂಜಿನಿಂದಾದ ತೊಂದರೆ, ಕಟ್ಟದ ತೆರಿಗೆ, ದಿವಾಳಿ, ಎಲ್ಲ ಬರೆಯಬೇಕು. ಕ್ರೆಡಿಟ್ ರಿಪೋರ್ಟ್ ಅವರೇ ತೆಗೆದು ತಾಳೆ ನೋಡುತ್ತಾರೆ. ಕ್ಲಿಯರೆನ್ಸ್ ಸಿಕ್ಕ ಮೇಲೂ ಕಣ್ಣಿಟ್ಟಿರುತ್ತಾರೆ.

ತೀರ್ಮಾನಕ್ಕೆ 13 ಮಾನದಂಡ ಇವೆ, ಎ ಇಂದ ಎಂ ತನಕ. ಹಣದ ವಿಚಾರ "ಎಫ್". ಯಾಕೆ ಅಷ್ಟು ಹೆದರುತ್ತಾರೆ ಅಂದರೆ, ಪೆಟ್ಟು ತಿಂದಿದ್ದಾರೆ. ಇಲ್ಲಿನ ಬೇಹುಗಾರಿಕೆ ಸಂಸ್ಥೆ ಸಿಐಎಯಲ್ಲಿ ಆಲ್ಡ್ರಿಚ್ ಏಮ್ಸ್ ಅಂತ ಇದ್ದ. ವಿಚ್ಛೇದನ, ಸಾಲ, ಕುಡಿತ. 1985ರಲ್ಲಿ ಸೋವಿಯತ್‌ನವರಿಗೆ ಗುಟ್ಟು ಮಾರಲು ಶುರು ಮಾಡಿದ, ಸಿಕ್ಕಿಬಿದ್ದದ್ದು 1994ರಲ್ಲಿ. ನಡುವೆ ಆರ್ಲಿಂಗ್ಟನ್‌ನಲ್ಲಿ 5,40,000 ಡಾಲರ್‌ನ ಮನೆಯನ್ನು ನಗದು ಕೊಟ್ಟು ಕೊಂಡಿದ್ದ, ಜಾಗ್ವಾರ್ ಓಡಿಸುತ್ತಿದ್ದ. ಸಾಲದಲ್ಲಿದ್ದವನು ದಿಢೀರ್ ಅಂತ ಸಾಲ ತೀರಿಸಿದಾಗ ಸರಿಯಾಗಿ ವಿಚಾರಿಸಲಿಲ್ಲ ನೋಡಿ. ಅದಕ್ಕೇ ಈಗ ಸಾಲ ಎಷ್ಟಿದೆ ಅನ್ನುವುದಷ್ಟೇ ಅಲ್ಲ, ತೀರಿಸಿದ ದುಡ್ಡು ಎಲ್ಲಿಂದ ಬಂತು ಅಂತಲೂ ನೋಡುತ್ತಾರೆ.

ಆದರೆ "ಎಫ್"ನಲ್ಲೂ ರಿಯಾಯಿತಿ ಇದೆ. ಕೆಲಸ ಹೋಯಿತು, ಆಸ್ಪತ್ರೆ ಖರ್ಚು ಬಂತು, ಅಂಥ ಸಮಯದಲ್ಲೂ ಜವಾಬ್ದಾರಿಯಿಂದ ನಡೆದುಕೊಂಡೆ, ಕಂತು ಮಾಡಿಕೊಂಡು ತೀರಿಸುತ್ತಿದ್ದೇನೆ ಅಂತ ಕಾಗದ ತೋರಿಸಿದರೆ ಲೆಕ್ಕಕ್ಕೆ ಬರುತ್ತದೆ. ಹಳೇ ಎಸ್ಟಾಬ್ಲಿಷ್‌ಮೆಂಟ್ ಅಂಕಲ್ ಹೇಳಿದ 17ನೇ ನಿಯಮದ ಟಿಪ್ಪಣಿ ಓದಿದಾಗ ನನಗೆ ಅದೇ ನೆನಪಾಯಿತು.

ಮೇಯೋ ಹಾಲ್ ಕರಿಕೋಟು

ಯಶವಂತಪುರದವರೇ, ಒಂದೇ ಪ್ರಶ್ನೆ. ಎಲ್ಲಾದರೂ ಚೆಕ್ ಕೊಟ್ಟಿದ್ದೀರಾ?

ಯಶವಂತಪುರದವನು

ಹೌದು ಸರ್. ಅದನ್ನು ಬರೆಯಲು ನಾಚಿಕೆ ಆಯಿತು. ಆಸ್ಪತ್ರೆಯಿಂದ ಬಿಡಿಸಿಕೊಳ್ಳುವ ದಿನ 50,000 ಕಮ್ಮಿ ಬಿತ್ತು. ರಾಜಾಜಿನಗರದಲ್ಲಿ ಒಬ್ಬ ಫೈನಾನ್ಸ್‌ನವನ ಹತ್ತಿರ ತಗೊಂಡೆ, ಮೀಟರ್ ಬಡ್ಡಿ. ಮೂರು ಖಾಲಿ ಚೆಕ್ ಸಹಿ ಹಾಕಿಸಿಕೊಂಡ. ಬಡ್ಡಿಯೇ 60,000ಕ್ಕಿಂತ ಜಾಸ್ತಿ ಕೊಟ್ಟಿದ್ದೇನೆ. ನಾಲ್ಕು ತಿಂಗಳ ಹಿಂದೆ ಒಂದು ಚೆಕ್ ಹಾಕಿ ಬೌನ್ಸ್ ಮಾಡಿಸಿದ. ಆಮೇಲೆ ಒಂದು ರಿಜಿಸ್ಟರ್ಡ್ ಪೋಸ್ಟ್ ಬಂದಿತ್ತು. ಅಮ್ಮ ಹೆದರಿ ಬಾಗಿಲು ತೆಗೆಯಲಿಲ್ಲ. ವಾಪಸ್ ಹೋಯಿತು. ಅಲ್ಲಿಗೆ ಮುಗಿಯಿತು ಅಂದುಕೊಂಡೆ.

ಮೇಯೋ ಹಾಲ್ ಕರಿಕೋಟು

ಮುಗಿದಿಲ್ಲ. ನಿಮ್ಮ 571 ಅಲ್ಲ, ಈ ಲಕೋಟೆ ಅಪಾಯ.

ಸಾಲ ಕಟ್ಟದೆ ಇರುವುದು ಸಿವಿಲ್ ವ್ಯವಹಾರ. ಚೆಕ್ ಬೌನ್ಸ್ ಹಾಗಲ್ಲ. 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಂ ಅದನ್ನು ಅಪರಾಧ ಮಾಡಿದೆ. ಎರಡು ವರ್ಷದವರೆಗೆ ಸಜೆ, ಚೆಕ್ ಮೊತ್ತದ ಎರಡರಷ್ಟರವರೆಗೆ ದಂಡ. ಕಂತಿನ ಆಟೊ ಡೆಬಿಟ್ ದುಡ್ಡಿಲ್ಲದೆ ವಾಪಸ್ ಹೋದರೂ 2007ರ ಪೇಮೆಂಟ್ ಕಾಯ್ದೆಯ 25ನೇ ಕಲಂ ಪ್ರಕಾರ ಹೆಚ್ಚುಕಮ್ಮಿ ಇದೇ ಗತಿ. ಅಂದರೆ ಫಾರಂನಲ್ಲಿ "ಕೇಸ್ ಬಾಕಿ ಇದೆಯಾ" ಅನ್ನುವ ಕಾಲಂಗೆ ನಿಮ್ಮ ಸಾಲ ಹಿಂಬಾಗಿಲಿನಿಂದ ಬಂದು ಕೂರುತ್ತದೆ.

ಬೌನ್ಸ್ ಆದ ಸುದ್ದಿ ಬ್ಯಾಂಕಿನಿಂದ ಸಿಕ್ಕ 30 ದಿನದೊಳಗೆ ಅವನು ನೋಟಿಸ್ ಕೊಡಬೇಕು. ನೋಟಿಸ್ ತಲುಪಿದ 15 ದಿನದಲ್ಲಿ ನೀವು ಕಟ್ಟಬೇಕು. ಕಟ್ಟದಿದ್ದರೆ ಮುಂದಿನ ಒಂದು ತಿಂಗಳಲ್ಲಿ ದೂರು. ಸರಿಯಾದ ವಿಳಾಸಕ್ಕೆ ರಿಜಿಸ್ಟರ್ಡ್ ಪೋಸ್ಟ್ ಕಳಿಸಿದ್ದರೆ, ಬಾಗಿಲು ತೆಗೆಯದಿದ್ದರೂ ತಲುಪಿದ ಹಾಗೇ ಲೆಕ್ಕ. ಆದರೆ ಸುಪ್ರೀಂ ಕೋರ್ಟ್ 2007ರಲ್ಲಿ ಒಂದು ದಾರಿ ಬಿಟ್ಟಿದೆ. ನೋಟಿಸ್ ಕೈಗೆ ಸಿಗಲಿಲ್ಲ ಅನ್ನುವವನು ಕೋರ್ಟಿನ ಸಮನ್ಸ್ ಬಂದ 15 ದಿನದೊಳಗೆ ಚೆಕ್ ಮೊತ್ತ ಕಟ್ಟಿ, ದೂರು ವಜಾ ಮಾಡಿ ಅಂತ ಕೇಳಬಹುದು. ಅದಲ್ಲದೆ ಇದು ರಾಜಿಗೆ ಅವಕಾಶ ಇರುವ ಅಪರಾಧ.

ಇವತ್ತೇ ಇ-ಕೋರ್ಟ್ಸ್ ಆ್ಯಪ್‌ನಲ್ಲಿ ನಿಮ್ಮ ಹೆಸರು ಹಾಕಿ ಹುಡುಕಿ. ಕನ್ನಡದ ಹೆಸರನ್ನು ಇಂಗ್ಲಿಷಿನಲ್ಲಿ ನಾಲ್ಕು ಥರ ಬರೆಯುತ್ತಾರೆ, ನಾಲ್ಕನ್ನೂ ಹಾಕಿ ನೋಡಿ.

ಮೀಟರ್ ಬಡ್ಡಿಯವನಿಗೂ ಕಾನೂನು ಇದೆ. ವಿಪರೀತ ಬಡ್ಡಿ ವಸೂಲಿ ನಿಷೇಧಿಸುವ ಕರ್ನಾಟಕದ ಕಾಯ್ದೆ 2004ರಿಂದಲೇ ಇದೆ. ಬಲವಂತದ ವಸೂಲಿಗೆ 10 ವರ್ಷದವರೆಗೆ ಶಿಕ್ಷೆ, 5 ಲಕ್ಷದವರೆಗೆ ದಂಡ ಅಂತ 2025ರಲ್ಲಿ ಸರ್ಕಾರ ಸುಗ್ರೀವಾಜ್ಞೆಯನ್ನೂ ತಂದಿತು. ರಾಜಿಗೆ ಕೂತಾಗ ಇದು ಅವನ ಕಿವಿಗೆ ಬೀಳಲಿ.

ಹೆಬ್ಬಾಳ ಸಿಗ್ನಲ್

ಕೇಸ್ ಇದ್ದರೂ ಪೊಲೀಸರಿಗೆ ಗೊತ್ತಾಗಲ್ವಲ್ಲ ಸರ್? ಅದು ಖಾಸಗಿ ದೂರು, ಸ್ಟೇಷನ್‌ನಲ್ಲಿ ಎಫ್‌ಐಆರ್ ಇರಲ್ಲ. ನಾನು ಕೇಳ್ತಿರೋದು ಪ್ರಾಕ್ಟಿಕಲ್ ಆಗಿ.

ಮೇಯೋ ಹಾಲ್ ಕರಿಕೋಟು

ಪ್ರಾಕ್ಟಿಕಲ್ ಆಗಿಯೇ ಹೇಳುತ್ತೇನೆ. ಇವತ್ತು ಗೊತ್ತಾಗದೆ ಇರಬಹುದು. ಆದರೆ ಅದೇ ಫೈನಾನ್ಸ್‌ನವನು ಮೂರು ವರ್ಷ ಬಿಟ್ಟು ಲ್ಯಾಬ್‌ಗೆ ಒಂದು ಪತ್ರ ಹಾಕಿದರೆ? ಆಗ ಪ್ರಶ್ನೆ ಚೆಕ್‌ನದ್ದಲ್ಲ, ಫಾರಂನಲ್ಲಿ ಸುಳ್ಳು ಬರೆದದ್ದು. 2016ರಲ್ಲಿ ಅವತಾರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಇದನ್ನೆಲ್ಲ ಬಿಡಿಸಿ ಹೇಳಿದೆ. ಸಣ್ಣಪುಟ್ಟ ವಿಷಯ ಮುಚ್ಚಿಟ್ಟಿದ್ದರೆ ಇಲಾಖೆ ಮನಸ್ಸು ಮಾಡಿ ಕ್ಷಮಿಸಬಹುದು. ನಿಜ ಬರೆದಿದ್ದರೂ ಅಭ್ಯರ್ಥಿ ಹುದ್ದೆಗೆ ತಕ್ಕವನೇ ಅಂತ ಇಲಾಖೆ ಯೋಚಿಸಬಹುದು, ನೇಮಿಸಲೇಬೇಕು ಅಂತ ಇಲ್ಲ. ನಿಜ ಬರೆದರೆ ಕೆಲಸ ಗ್ಯಾರಂಟಿ ಅಂತ ನಾನು ಹೇಳಲ್ಲ. ಸುಳ್ಳು ಬರೆದರೆ ನಿವೃತ್ತಿ ತನಕ ಆ ಫೈನಾನ್ಸ್‌ನವನ ಕೈಯಲ್ಲಿ ನಿಮ್ಮ ಜುಟ್ಟು ಇರುತ್ತದೆ ಅಂತ ಮಾತ್ರ ಹೇಳುತ್ತೇನೆ.

ಬಸವನಗುಡಿ ಟು ವರ್ಜೀನಿಯಾ

ಜುಟ್ಟಿನ ಮಾತು ಸರಿಯಾಗಿ ಹೇಳಿದಿರಿ. ಇಲ್ಲಿ ನನ್ನನ್ನು ಕೂರಿಸಿಕೊಂಡು ವಿಚಾರಿಸಿದವರು ಕೇಳಿದ್ದೂ ಅದನ್ನೇ. ಈ ಸಾಲದ ವಿಷಯ ಹೆಂಡತಿಗೆ ಗೊತ್ತಾ, ಗೊತ್ತಿಲ್ಲದಿದ್ದರೆ ಇದನ್ನು ಇಟ್ಟುಕೊಂಡು ಯಾರಾದರೂ ನಿನ್ನನ್ನು ಹೆದರಿಸಬಹುದಾ?

ಮಾಗಡಿ ರೋಡ್ ಅಕ್ಕ

ಕಾನೂನೆಲ್ಲ ನನಗೆ ಗೊತ್ತಿಲ್ಲ. ಆ ಅಮ್ಮನ ನೆನೆಸಿಕೊಂಡು ಹೊಟ್ಟೆ ಚುರುಕ್ ಅಂತು. ಪೋಸ್ಟ್‌ಮ್ಯಾನ್ ಬಾಗಿಲು ಬಡಿದರೆ ಉಸಿರು ಹಿಡಿದು ಕೂರುವುದು ನಾವೂ ಅನುಭವಿಸಿದ್ದೇವೆ, ಚೀಟಿ ಮುಳುಗಿದಾಗ. ಅಮ್ಮನಿಗೆ ಬೈಯಬೇಡಪ್ಪ.

ಯಶವಂತಪುರದವನು

ಬೈದಿಲ್ಲ ಅಕ್ಕ.

ಸರ್, ಹುಡುಕಿದೆ. ಹೆಸರಿನ ಮೂರನೇ ಸ್ಪೆಲಿಂಗ್‌ನಲ್ಲಿ ಸಿಕ್ಕಿತು. ಕೇಸ್ ದಾಖಲಾಗಿದೆ. ಚೆಕ್ ಮೊತ್ತ 90,000 ಅಂತ ಅವನೇ ತುಂಬಿಕೊಂಡಿದ್ದಾನೆ. ಮುಂದಿನ ದಿನಾಂಕ ಇನ್ನು ಆರು ವಾರ.

ಮೇಯೋ ಹಾಲ್ ಕರಿಕೋಟು

ಹಾಗಾದರೆ ಕಾಲಂಗೆ ಉತ್ತರ "ಹೌದು". ಕೇಸ್ ನಂಬರ್, ಕೋರ್ಟು, ಕಲಂ, ಈಗಿನ ಹಂತ ಬರೆಯಿರಿ. ಜೊತೆಗೆ ಅರ್ಧ ಪುಟದ ವಿವರಣೆ. ಅಳು ಬೇಡ, ತಾರೀಕು ಇರಲಿ. ಬಡ್ಡಿ ಕೊಟ್ಟದ್ದಕ್ಕೆ ಯುಪಿಐ ದಾಖಲೆ ಇದ್ದರೆ ಪ್ರಿಂಟ್ ತೆಗೆಸಿ. ಆಮೇಲೆ ಒಬ್ಬ ವಕೀಲರನ್ನು ಮುಖತಃ ನೋಡಿ, ಇಲ್ಲಿ ಓದಿದ್ದನ್ನು ನಂಬಿಕೊಂಡು ಕೋರ್ಟಿಗೆ ಹೋಗಬೇಡಿ.

ಹಳೇ ಎಸ್ಟಾಬ್ಲಿಷ್‌ಮೆಂಟ್

ಮೂರು ಪ್ರತಿಯಲ್ಲೂ ಒಂದೇ ಥರ ಬರೆ. ಒಂದರಲ್ಲಿ ತಿದ್ದಿ ಇನ್ನೊಂದರಲ್ಲಿ ತಿದ್ದದೆ ಕೊಟ್ಟವರ ಫೈಲು ಎಷ್ಟು ತಿಂಗಳು ಅಲೆದಿದೆ ಅಂತ ನನಗೆ ಗೊತ್ತು. ಕೊಡುವ ಮುಂಚೆ ಪೂರ್ತಿ ಫಾರಂ ಝೆರಾಕ್ಸ್ ಮಾಡಿಸಿ ಮನೆಯಲ್ಲಿ ಇಟ್ಟುಕೋ. ಇದು ಮಾತ್ರ ಮರೆಯಬೇಡ.

ಯಶವಂತಪುರದವನು

ಎರಡು ತಿಂಗಳಾಯಿತು. ಏನಾಯಿತು ಅಂತ ಮೂವರು ಮೆಸೇಜ್ ಮಾಡಿದ್ದರು, ಅದಕ್ಕೆ ಬರೆಯುತ್ತಿದ್ದೇನೆ.

ಫಾರಂನಲ್ಲಿ "ಹೌದು" ಅಂತ ಬರೆದೆ. ಆ ಎರಡು ಅಕ್ಷರ ಬರೆಯುವಾಗ ಕೈ ನಡುಗಿತು, ಎರಡನೇ ಪ್ರತಿಯಲ್ಲಿ ಸ್ವಲ್ಪ ಸೊಟ್ಟ ಆಗಿದೆ.

ಅಮ್ಮನ ಸರ ಗಿರವಿ ಇಟ್ಟೆವು. ಫೈನಾನ್ಸ್‌ನವನು 90,000 ಕೇಳುತ್ತಿದ್ದ. ವಕೀಲರು ಯುಪಿಐ ಪ್ರಿಂಟ್ ಮೇಜಿನ ಮೇಲೆ ಹರಡಿ, ಬಡ್ಡಿ ಕಾಯ್ದೆಯ ಹೆಸರು ಒಂದು ಸಲ ಹೇಳಿದರು, ಅಷ್ಟೇ. 38,000ಕ್ಕೆ ರಾಜಿ. ಉಳಿದ ಎರಡು ಖಾಲಿ ಚೆಕ್ ವಾಪಸ್ ಇಸ್ಕೊಂಡೆವು. ಕೋರ್ಟಿನಲ್ಲಿ ರಾಜಿ ಮೆಮೊ ಹಾಕಿ ಕೇಸ್ ಮುಗಿಯಿತು, ಆದೇಶದ ಸರ್ಟಿಫೈಡ್ ಕಾಪಿಯನ್ನು ಲ್ಯಾಬ್‌ಗೆ ರಿಜಿಸ್ಟರ್ಡ್ ಪೋಸ್ಟ್‌ನಲ್ಲಿ ಕಳಿಸಿದೆ. ಬ್ಯಾಂಕಿನವರು ಅವಧಿ ಎರಡು ವರ್ಷ ಜಾಸ್ತಿ ಮಾಡಿ ಕಂತು ಇಳಿಸಿದರು. ಕೌಂಟರ್ 4 ಮೇಡಂ, "ಸೆಟಲ್" ಅನ್ನುವ ಮಾತಿಗೆ ನಾನು ಒಪ್ಪಲಿಲ್ಲ. ಆ್ಯಪ್ ಸಾಲ ಎರಡೂ ತೀರಿತು. ಕಾರ್ಡ್ ಇನ್ನೂ ಇದೆ.

ಹೋದ ಗುರುವಾರ ಸ್ಟೇಷನ್‌ನಿಂದ ಒಬ್ಬರು ಪೇದೆ ಬಂದಿದ್ದರು. ಮೊದಲು ಕೆಳಗಿನ ಮನೆಯವರನ್ನು, ಎದುರಿನ ಹಾಲಿನ ಅಂಗಡಿಯವರನ್ನು ವಿಚಾರಿಸಿ ಆಮೇಲೆ ಮೇಲೆ ಬಂದರು. ಅಮ್ಮ ಕಾಫಿ ಕೊಟ್ಟರು. ಎಷ್ಟು ವರ್ಷದಿಂದ ಈ ಮನೆ, ಏನಾದರೂ ಗಲಾಟೆ ಇದೆಯಾ ಅಂತ ಕೇಳಿದರು. ಸಾಲದ ಸುದ್ದಿಯೇ ಎತ್ತಲಿಲ್ಲ. ಕೇಸ್ ಬಗ್ಗೆ ಕೇಳಿದಾಗ ಆದೇಶ ತೋರಿಸಿದೆ. ಓದಿ, ಮೊಬೈಲ್‌ನಲ್ಲಿ ಫೋಟೋ ತೆಗೆದುಕೊಂಡು, "ಇವೆಲ್ಲ ಬರೆದಿದ್ದೀರಲ್ಲ ಫಾರಂನಲ್ಲಿ?" ಅಂದರು. ಬರೆದಿದ್ದೇನೆ ಅಂದೆ. ತಲೆ ಆಡಿಸಿ ಹೊರಟರು.

ಲ್ಯಾಬ್‌ನಿಂದ ಇನ್ನೂ ಏನೂ ಬಂದಿಲ್ಲ. ದಿನಾ ಮಧ್ಯಾಹ್ನ ಪೋಸ್ಟ್‌ಮ್ಯಾನ್ ಬರುವ ಹೊತ್ತಿಗೆ ಈಗ ಅಮ್ಮನೇ ಬಾಗಿಲಲ್ಲಿ ನಿಂತಿರುತ್ತಾರೆ.

ಹಳೇ ಎಸ್ಟಾಬ್ಲಿಷ್‌ಮೆಂಟ್

ಝೆರಾಕ್ಸ್ ಇಟ್ಟುಕೊಂಡೆಯಾ?

ಯಶವಂತಪುರದವನು

ಎರಡು ಸೆಟ್ ಸರ್. ಒಂದು ಅಕ್ಕಿ ಡಬ್ಬಿಯ ಹಿಂದೆ ಇದೆ, ಅಮ್ಮನ ಲಾಕರ್ ಅದೇ.